ಏರಿಯೇ ನಿಂತ ಅಮೈಲೇಸ್

ದಪ್ಪನೆಯ ಕಡತವನ್ನು ಮೇಜಿನ ಮೇಲಿಟ್ಟು ಆಕೆ ಕೇಳಿದರು: “ಡಾಕ್ಟರೇ, ನನ್ನ ಮೇದೋಜೀರಕ ಗ್ರಂಥಿ ಕೆಟ್ಟುಹೋಗಿದೆಯೇ?”

ಎಂಟು ತಿಂಗಳಲ್ಲಿ ಐದು ರಕ್ತಪರೀಕ್ಷೆ, ಎರಡು ಸ್ಕ್ಯಾನ್. ಮೇದೋಜೀರಕ ಸ್ರವಿಸುವ ಜೀರ್ಣಕಿಣ್ವ ಅಮೈಲೇಸ್ ಪ್ರತಿ ಬಾರಿಯೂ 380ರಿಂದ 420. ಆ ಲ್ಯಾಬಿನ ಮೇಲ್ಮಿತಿ 110. ಹೊಟ್ಟೆನೋವು ಮಾತ್ರ ಒಂದು ದಿನವೂ ಬಂದಿರಲಿಲ್ಲ. ಹೆದರಿಕೆಯಿಂದ ಜಿಡ್ಡಿನ ಪದಾರ್ಥ ಬಿಟ್ಟು ಆರು ಕಿಲೋ ಇಳಿದಿದ್ದರು.

ನನಗೆ ಅನುಮಾನ ಬಂದದ್ದೇ ಆ ಅಲುಗಾಡದ ಅಂಕಿಯಿಂದ. ಮೇದೋಜೀರಕಕ್ಕೆ ತೀವ್ರ ಉರಿಯೂತವಾದಾಗ ಅಮೈಲೇಸ್ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಸಾಮಾನ್ಯವಾಗಿ ಮೂರರಿಂದ ಐದು ದಿನಗಳಲ್ಲಿ ಇಳಿದುಬಿಡುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುವುದು ಅದರ ಜಾಯಮಾನವಲ್ಲ. ಜೊಲ್ಲುಗ್ರಂಥಿಯೂ ಇದೇ ಕಿಣ್ವವನ್ನು ಸ್ರವಿಸುವುದರಿಂದ ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಬೆರಳಿಟ್ಟು ನೋಡಿದೆ, ಊತವಿಲ್ಲ. ಪದೇ ಪದೇ ವಾಂತಿಯಾಗುತ್ತದೆಯೇ ಎಂದು ಕೇಳಿದೆ; ಇಲ್ಲ. ಮೂತ್ರಪಿಂಡ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಸರಿಯಿತ್ತು, ಅಂದರೆ ಮೂತ್ರಪಿಂಡ ಸೋತು ಕಿಣ್ವ ಉಳಿದುಕೊಂಡದ್ದಲ್ಲ. ಮೇದೋಜೀರಕದ ಇನ್ನೊಂದು ಕಿಣ್ವ ಲೈಪೇಸ್ ಕೂಡ ಸರಿಯಿತ್ತು.

ಕೊನೆಗೆ ರಕ್ತ ಮತ್ತು ಮೂತ್ರದ ಮಾದರಿಗಳನ್ನು ಒಟ್ಟಿಗೇ ತೆಗೆಸಿ, ಎರಡರಲ್ಲೂ ಅಮೈಲೇಸ್ ಮತ್ತು ಕ್ರಿಯಾಟಿನಿನ್ ಅಳೆಸಿ, ಅವು ಮೂತ್ರಕ್ಕೆ ಸೋಸಿಹೋಗುವ ಪ್ರಮಾಣವನ್ನು ಹೋಲಿಸಿದೆ. ಕ್ರಿಯಾಟಿನಿನ್‌ಗೆ ಹೋಲಿಸಿದರೆ ಅಮೈಲೇಸ್ ಸೋಸಿಹೋಗುತ್ತಿದ್ದುದು ಶೇ. 1ಕ್ಕಿಂತ ಕಡಿಮೆ. ಮ್ಯಾಕ್ರೋಅಮೈಲೇಸೀಮಿಯಾ: ಕಿಣ್ವವು ರಕ್ತದ ಪ್ರತಿಕಾಯಕ್ಕೆ ಅಂಟಿಕೊಂಡು, ಮೂತ್ರಪಿಂಡದ ಜರಡಿಯಲ್ಲಿ ತೂರಲಾಗದಷ್ಟು ದೊಡ್ಡದಾಗಿರುತ್ತದೆ. ಚಿಕಿತ್ಸೆಯೇ ಬೇಡ.

ಹಾಗೆಂದು ಏರಿದ ಅಮೈಲೇಸನ್ನು ನಾನು ಹಗುರವಾಗಿ ನೋಡುವುದಿಲ್ಲ. ವೃತ್ತಿಯ ಆರಂಭದಲ್ಲಿ, ಮಿತಿಯ ಮೂರು ಪಟ್ಟು ದಾಟಿದ ಅಂಕಿ ನೋಡಿದ ಕೂಡಲೇ ಒಬ್ಬರಿಗೆ ಮೇದೋಜೀರಕದ ಉರಿಯೂತವೆಂದು ಬರೆದು ಡ್ರಿಪ್ ಹಾಕಿಸಿದ್ದೆ. ಹಿರಿಯ ಶಸ್ತ್ರವೈದ್ಯರು ಬಂದು ಹೊಟ್ಟೆಯ ಮೇಲೆ ಕೈಯಿಟ್ಟರು. ಹಲಗೆಯಂತೆ ಬಿಗಿದಿತ್ತು. ನೆಟ್ಟಗೆ ಕೂರಿಸಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯ ಬಲಭಾಗದ ಕೆಳಗೆ ಗಾಳಿಯ ತೆಳ್ಳನೆಯ ಕಪ್ಪು ಗೆರೆ. ಹುಣ್ಣು ತೂತಾಗಿ ಕರುಳಿನ ರಸ ಹೊಟ್ಟೆಯೊಳಗೆ ಸೋರಿತ್ತು; ಅಲ್ಲಿಂದಲೇ ಅಮೈಲೇಸ್ ರಕ್ತ ಸೇರಿತ್ತು. ರೋಗಿ ಉಳಿದರು, ನನ್ನ ದೆಸೆಯಿಂದಲ್ಲ. ಕರುಳಿಗೆ ರಕ್ತ ನಿಂತಾಗಲೂ, ಗರ್ಭನಾಳದಲ್ಲಿ ಬೆಳೆದ ಗರ್ಭ ಒಡೆದಾಗಲೂ ಇದೇ ಅಂಕಿ ಏರಬಹುದು. ರಕ್ತದಲ್ಲಿ ಟ್ರೈಗ್ಲಿಸರೈಡ್ ವಿಪರೀತವಿದ್ದರೆ, ನಿಜವಾದ ಉರಿಯೂತದಲ್ಲೂ ಸರಿಯಿದೆಯೆಂದು ತೋರಿಸಿ ಯಾಮಾರಿಸಬಹುದು.

ಆಕೆಯ ಕಡತದ ಮೊದಲ ಪುಟದ ಮೇಲೆ ರೋಗನಿರ್ಣಯವನ್ನು ಕೆಂಪು ಶಾಯಿಯಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆದೆ. ಮುಂದಿನ ವೈದ್ಯರು ಮೂರನೆಯ ಸ್ಕ್ಯಾನ್ ಬರೆಯುವ ಮೊದಲು ಅದು ಅವರ ಕಣ್ಣಿಗೆ ಬೀಳಲಿ.