ಪೆಟ್ರೋಲ್, ಥಿನ್ನರ್ ನಡುವೆ ದುಡಿಯುವವರು ಬಿಳಿ ರಕ್ತಕಣಗಳ ಮೇಲೆ ಕಣ್ಣಿಡುವುದು ಹೇಗೆ?

ಪೆಟ್ರೋಲ್ ಬಂಕ್, ಗ್ಯಾರೇಜ್, ಸ್ಪ್ರೇ ಪೇಂಟಿಂಗ್ ಶೆಡ್, ಚಪ್ಪಲಿಗೆ ಸಲ್ಯೂಷನ್ ಹಚ್ಚುವ ಕಾರ್ಖಾನೆ. ಇಂಥ ಕಡೆ ಗಾಳಿಯಲ್ಲಿ ಸೇರಿಕೊಳ್ಳುವ ರಾಸಾಯನಿಕಗಳಲ್ಲಿ ಬೆಂಜೀನ್ ಬೇರೆಯದೇ ತೂಕದ್ದು. ಅದು ಶ್ವಾಸಕೋಶದಲ್ಲಿ ನಿಲ್ಲದೆ ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಯವರೆಗೂ ಇಳಿಯುತ್ತದೆ. ಹಾನಿ ನಿಧಾನವಾಗಿ, ನೋವಿಲ್ಲದೆ ಆಗುತ್ತದೆ. ಅದನ್ನು ಬೇಗ ಹಿಡಿಯಲು ದುಬಾರಿ ಪರೀಕ್ಷೆಯೇನೂ ಬೇಡ, ಊರಿನ ಲ್ಯಾಬ್‌ನಲ್ಲಿ ಮಾಡುವ ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ ಸಾಕು. ಆದರೆ ಅದನ್ನು ಓದುವ ರೀತಿ ಗೊತ್ತಿರಬೇಕು.

ಒಳಗೆ ಏನಾಗುತ್ತದೆ

ಉಸಿರಿನ ಜೊತೆ ಹೋದ ಬೆಂಜೀನನ್ನು ಯಕೃತ್ತಿನ ಸಿವೈಪಿ2ಇ1 ಎಂಬ ಕಿಣ್ವ ಒಡೆಯಲು ಶುರುಮಾಡುತ್ತದೆ. ಅದರಿಂದ ಫೀನಾಲ್, ಹೈಡ್ರೋಕ್ವಿನೋನ್, ಕ್ಯಾಟಿಕಾಲ್ ಹುಟ್ಟುತ್ತವೆ. ಇವು ರಕ್ತದ ಮೂಲಕ ಮಜ್ಜೆಗೆ ಬರುತ್ತವೆ. ಮಜ್ಜೆಯ ಕಣಗಳಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ತುಂಬಿರುತ್ತದೆ. ಬಿಳಿ ರಕ್ತಕಣಗಳು ರೋಗಾಣು ಕೊಲ್ಲಲು ಇಟ್ಟುಕೊಂಡ ಆಯುಧವದು. ಅದೇ ಕಿಣ್ವ ಹೈಡ್ರೋಕ್ವಿನೋನನ್ನು ಬೆಂಜೋಕ್ವಿನೋನ್ ಆಗಿ ಬದಲಿಸುತ್ತದೆ. ಬೆಂಜೋಕ್ವಿನೋನ್ ಎಳೆಯ ಕಣಗಳ ಡಿಎನ್‌ಎ ಮತ್ತು ಪ್ರೋಟೀನುಗಳಿಗೆ ಅಂಟಿಕೊಂಡು ಅವು ವಿಭಜನೆ ಆಗದಂತೆ ಮಾಡುತ್ತದೆ. ಮಜ್ಜೆಯ ರಕ್ಷಣೆಯ ಹತಾರವೇ ಅದಕ್ಕೆ ಮುಳುವಾಗುವುದು ಹೀಗೆ.

ಎನ್‌ಕ್ಯೂಒ1 ಎಂಬ ಇನ್ನೊಂದು ಕಿಣ್ವ ಈ ವಿಷವನ್ನು ಹಿಂದಕ್ಕೆ ತಿರುಗಿಸಬಲ್ಲದು. ಹುಟ್ಟಿನಿಂದಲೇ ಅದು ಕೆಲಸ ಮಾಡದವರೂ ಇದ್ದಾರೆ. ಒಂದೇ ಶೆಡ್ಡಿನಲ್ಲಿ, ಒಂದೇ ಪಾಳಿಯಲ್ಲಿ ದುಡಿದ ಇಬ್ಬರಲ್ಲಿ ಒಬ್ಬರ ರಕ್ತಕಣ ಕುಸಿದು ಇನ್ನೊಬ್ಬರದು ಹಾಗೇ ಇರಲು ಇದೂ ಒಂದು ಕಾರಣ. ಹಾಗಾಗಿ "ಇಪ್ಪತ್ತು ವರ್ಷದಿಂದ ಇದ್ದೀನಿ, ನನಗೇನೂ ಆಗಿಲ್ಲ" ಎನ್ನುವ ಹಿರಿಯ ಮೆಕ್ಯಾನಿಕ್ ಮಾತು ಪಕ್ಕದಲ್ಲಿ ಕೆಲಸ ಕಲಿಯುವ ಹುಡುಗನಿಗೆ ಅನ್ವಯಿಸುವುದಿಲ್ಲ.

ಇದು ಹೊಸ ವಿಷಯವೂ ಅಲ್ಲ. 1897ರಲ್ಲೇ ಸ್ವೀಡನ್ನಿನ ವೈದ್ಯವಿಜ್ಞಾನಿ ಸ್ಯಾಂಟೆಸನ್ ಸೈಕಲ್ ಟೈರ್ ಕಾರ್ಖಾನೆಯ ಯುವತಿಯರಲ್ಲಿ ಮಜ್ಜೆ ಬತ್ತಿ ಸಾವು ಬಂದದ್ದನ್ನು ದಾಖಲಿಸಿದ್ದರು. 1912ರಲ್ಲಿ ಬುಡಾಪೆಸ್ಟ್‌ನ ವೈದ್ಯ ಕೊರಾನಿ, ರಕ್ತ ಕ್ಯಾನ್ಸರ್ ರೋಗಿಗಳ ಬಿಳಿ ಕಣ ಇಳಿಸಲೆಂದೇ ಬೆಂಜೀನ್ ಕೊಡುತ್ತಿದ್ದರು. ಅಷ್ಟು ನಿಚ್ಚಳವಾಗಿ ಅದು ಬಿಳಿ ಕಣಗಳನ್ನು ಕೊಲ್ಲುತ್ತಿತ್ತು. ಮುಂದೆ ಅದೇ ಬೆಂಜೀನ್ ರಕ್ತ ಕ್ಯಾನ್ಸರ್ ತರುತ್ತದೆ ಎಂಬುದೂ ಖಚಿತವಾಯಿತು. ಚೀನಾದ ಟಿಯಾಂಜಿನ್‌ನಲ್ಲಿ 250 ಪಾದರಕ್ಷೆ ಕಾರ್ಮಿಕರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಒಪ್ಪಿದ ಮಿತಿ 1 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಅದಕ್ಕಿಂತ ಕಡಿಮೆ ಬೆಂಜೀನ್ ಉಸಿರಾಡಿದವರಲ್ಲೂ ಬಿಳಿ ಕಣ, ಪ್ಲೇಟ್‌ಲೆಟ್ ಇಳಿದಿದ್ದವು. ಪ್ರತಿಕಾಯ ತಯಾರಿಸುವ ಬಿ ಕಣಗಳು ಮತ್ತು ಉಳಿದ ಕಣಗಳಿಗೆ ದಾರಿ ತೋರುವ ಸಿಡಿ4 ಟಿ ಕಣಗಳೂ ಕಡಿಮೆಯಾಗಿದ್ದವು. ಇವೆರಡೂ ಬಿಳಿ ಕಣಗಳಲ್ಲೇ ಲಿಂಫೋಸೈಟ್ ಎಂಬ ಗುಂಪಿನವು. ಅದಕ್ಕೇ ಸಿಬಿಸಿಯಲ್ಲಿ ಲಿಂಫೋಸೈಟ್ ಸಾಲನ್ನು ಬಿಡದೆ ನೋಡಬೇಕು.

ಮೊದಲ ಹೆಜ್ಜೆ: ಡಬ್ಬಿಯಲ್ಲಿ ಏನಿದೆ?

ಥಿನ್ನರ್, ಅಂಟು, ಡಿಗ್ರೀಸರ್ ಮಾರುವವರಲ್ಲಿ "ಎಸ್‌ಡಿಎಸ್ ಶೀಟ್ ಕೊಡಿ" ಎಂದು ಕೇಳಿ. ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರವದು. ಅದರ 3ನೇ ಭಾಗದಲ್ಲಿ ಘಟಕಗಳ ಪಟ್ಟಿ ಇರುತ್ತದೆ. ಹೆಸರು ನೆಚ್ಚಬೇಡಿ, ಪ್ರತಿ ರಾಸಾಯನಿಕಕ್ಕೂ ಬೇರೆಯಾಗಿ ಇರುವ ಗುರುತಿನ ಸಂಖ್ಯೆ, ಅಂದರೆ ಸಿಎಎಸ್ ಸಂಖ್ಯೆ ನೋಡಿ. 71-43-2 ಇದ್ದರೆ ಅದು ಬೆಂಜೀನ್. 108-88-3 ಟಾಲ್ವೀನ್, 1330-20-7 ಜೈಲೀನ್. ಇವೆರಡೂ ನರಗಳಿಗೆ ಕೆಟ್ಟವೇ, ಆದರೆ ಮಜ್ಜೆಯ ಮೇಲೆ ಬೆಂಜೀನಿನಂತೆ ಎರಗುವುದಿಲ್ಲ. ಲೇಬಲ್ಲೇ ಇಲ್ಲದ, ಲೀಟರ್ ಲೆಕ್ಕದಲ್ಲಿ ಸುರಿದು ಕೊಡುವ ಥಿನ್ನರಿನಲ್ಲಿ ಏನು ಬೆರೆತಿದೆ ಎಂದು ಹೇಳುವವರಿಲ್ಲ. ಅದನ್ನು ಕೊಳ್ಳದಿರುವುದೇ ಸರಿ.

ಪೆಟ್ರೋಲಿಗೆ ಶೀಟ್ ಹುಡುಕುವ ಅಗತ್ಯವಿಲ್ಲ. ನಮ್ಮಲ್ಲಿ ಅದರ ಬೆಂಜೀನ್ ಮಿತಿ ಶೇ 1. ಅಂದರೆ ಒಂದು ಲೀಟರಿನಲ್ಲಿ 10 ಮಿ.ಲೀ. ವರೆಗೆ ಇರಬಹುದು.

ಎರಡನೆಯದು: ಉಸಿರಿಗೆ, ಚರ್ಮಕ್ಕೆ ತಾಗದಂತೆ

ಬಟ್ಟೆ ಮಾಸ್ಕ್, ಎನ್95 ಎರಡೂ ದೂಳಿಗೆ. ಆವಿ ಅವುಗಳ ಮೂಲಕ ಸಲೀಸಾಗಿ ಹೋಗುತ್ತದೆ. ಪೆಟ್ರೋಲ್, ಥಿನ್ನರಿನಂಥ ಸಾವಯವ ಆವಿಗೆಂದೇ ಮಾಡಿದ, ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಗಡ್ಡ ಇದ್ದರೆ ಅಂಚು ಕೂರುವುದಿಲ್ಲ, ಪಕ್ಕದಿಂದ ಗಾಳಿ ನುಗ್ಗುತ್ತದೆ. ಇದ್ದಿಲು ತುಂಬಿಹೋದ ಮೇಲೆ ಮಾಸ್ಕ್ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ತಯಾರಕರು ಹೇಳಿದ ಅವಧಿಗೆ ಬದಲಿಸಿ, ವಾಸನೆ ಬರಲೆಂದು ಕಾಯಬೇಡಿ. ಬೆಂಜೀನ್ ಮೂಗಿಗೆ ತಿಳಿಯುವ ಹೊತ್ತಿಗೆ ಪ್ರಮಾಣ ಸಾಮಾನ್ಯವಾಗಿ 1 ಪಿಪಿಎಂ ದಾಟಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೂಗು ಅದಕ್ಕೆ ಒಗ್ಗಿಯೂ ಹೋಗುತ್ತದೆ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಚೆಲ್ಲಿದ ಕಡೆ ನೆಲದ ಮಟ್ಟದಲ್ಲಿ, ಗ್ಯಾರೇಜಿನ ಗುಂಡಿಯಲ್ಲಿ ಅದು ಕೂರುತ್ತದೆ. ಸೂರಿನ ಹತ್ತಿರ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗುಂಡಿಯೊಳಗಿನ ಆವಿ ಅಲ್ಲಾಡುವುದಿಲ್ಲ. ಹೀರುವ ಬಾಯಿ ಕೆಳಗಿರಬೇಕು, ಮೋಟರ್ ಫ್ಲೇಮ್‌ಪ್ರೂಫ್ ಆಗಿರಬೇಕು. ಬಂಕ್‌ನಲ್ಲಿ ನಾಜಲ್ ತಾನಾಗಿ ಕಟ್ ಆದ ಮೇಲೆ ರೌಂಡ್ ಫಿಗರ್ ಮಾಡಲು ಮತ್ತೆ ಒತ್ತುವ ರೂಢಿ ಇದೆಯಲ್ಲ, ಅದನ್ನು ಗ್ರಾಹಕರೂ ಕೇಳಬಾರದು, ಹುಡುಗರೂ ಮಾಡಬಾರದು. ಟ್ಯಾಂಕಿನ ಬಾಯಲ್ಲಿ ಉಕ್ಕುವ ಆವಿ ನೇರ ಮುಖಕ್ಕೆ ಬರುತ್ತದೆ. ಗಾಳಿ ಬೆನ್ನ ಕಡೆಯಿಂದ ಬೀಸುವಂತೆ ನಿಂತು ಪೆಟ್ರೋಲ್ ಹಾಕುವುದು ಪುಕ್ಕಟೆ ರಕ್ಷಣೆ.

ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುವುದು ನಿಲ್ಲಲೇಬೇಕು. ಕೈಪಂಪ್ ಬಳಸಿ. ಗ್ರೀಸ್ ಕೈಯನ್ನು ಪೆಟ್ರೋಲಿನಲ್ಲಿ ತೊಳೆದರೆ ಚರ್ಮದ ಜಿಡ್ಡು ಕರಗಿ ಬೆಂಜೀನ್ ಒಳಗಿಳಿಯಲು ಇನ್ನೂ ಸುಲಭ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು, ಮರದ ಹೊಟ್ಟು ಹಾಕಿ ತೊಳೆದರೆ ಗ್ರೀಸ್ ಬಿಡುತ್ತದೆ. ಪೆಟ್ರೋಲ್ ಬಿದ್ದ ಬಟ್ಟೆಯನ್ನು ತಕ್ಷಣ ಬದಲಿಸಿ. ಲ್ಯಾಟೆಕ್ಸ್ ಗ್ಲೌಸ್ ಪೆಟ್ರೋಲಿಗೆ ಊದಿಕೊಳ್ಳುತ್ತದೆ. ನೈಟ್ರೈಲ್ ವಾಸಿ, ಆದರೆ ತೆಳುವಾದದ್ದನ್ನು ದಿನವಿಡೀ ಹಾಕಬೇಡಿ, ಒದ್ದೆಯಾದಾಗೆಲ್ಲ ಬದಲಿಸಿ.

ದೊಡ್ಡ ಕೆಲಸ: ರಕ್ತದ ಲೆಕ್ಕ

ಕೆಲಸಕ್ಕೆ ಸೇರುವ ಮುನ್ನ ಒಂದು ಸಿಬಿಸಿ, ಆಮೇಲೆ ವರ್ಷಕ್ಕೊಂದು. ಆದಷ್ಟು ಒಂದೇ ಲ್ಯಾಬ್, ಒಂದೇ ಹೊತ್ತು. ಲಿಂಫೋಸೈಟ್ ಸಂಖ್ಯೆ ಬೆಳಿಗ್ಗೆ ಒಂದು, ರಾತ್ರಿ ಒಂದು ಇರುವುದರಿಂದ ಸಮಯ ಬದಲಾದರೆ ಹೋಲಿಕೆ ಕೆಡುತ್ತದೆ. ಲ್ಯಾಬ್‌ಗೆ ಓಡಿ ಬಂದು ತಕ್ಷಣ ಕೈ ಚಾಚಬೇಡಿ, ಹದಿನೈದು ನಿಮಿಷ ಕೂತಿರಿ. ಜ್ವರ ಬಂದು ಹೋಗಿದ್ದರೆ ಮೂರು-ನಾಲ್ಕು ವಾರ ಬಿಡಿ. ಡೆಂಗಿಯಂಥ ಜ್ವರವೂ ಬಿಳಿ ಕಣ, ಪ್ಲೇಟ್‌ಲೆಟ್ ಇಳಿಸುತ್ತದೆ. ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಹೇಳಿ, ಅದು ಲಿಂಫೋಸೈಟ್ ಇಳಿಸಿ, ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣವನ್ನು ಏರಿಸುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಒಟ್ಟು ಬಿಳಿ ಕಣ ಮೊದಲೇ ಏರಿರುತ್ತದೆ. ಬೆಂಜೀನ್ ಇಳಿಸಿದ್ದನ್ನು ಅದು ಮುಚ್ಚಿಬಿಡಬಹುದು. ಸಿಗರೇಟ್ ಹೊಗೆಯಲ್ಲೂ ಬೆಂಜೀನ್ ಇದೆ ಎನ್ನುವುದು ಬೇರೆ.

ಈಗ ಓದುವ ಕ್ರಮ. ಒಬ್ಬರ ಹೋದ ವರ್ಷದ ವರದಿಯಲ್ಲಿ ಒಟ್ಟು ಬಿಳಿ ಕಣ 7,800, ಲಿಂಫೋಸೈಟ್ ಶೇ 32 ಎಂದುಕೊಳ್ಳಿ. ಈ ವರ್ಷ 4,200 ಮತ್ತು ಶೇ 22. ಲ್ಯಾಬ್ ಅಚ್ಚು ಹಾಕುವ ಸಾಮಾನ್ಯ ಮಿತಿ 4,000ದಿಂದ 11,000, ಲಿಂಫೋಸೈಟ್‌ಗೆ ಶೇ 20ರಿಂದ 40. ನಾಲ್ಕೂ ಸಂಖ್ಯೆ ಮಿತಿಯೊಳಗಿವೆ, ಒಂದಕ್ಕೂ ನಕ್ಷತ್ರದ ಗುರುತು ಬಿದ್ದಿಲ್ಲ. "ಎಲ್ಲಾ ನಾರ್ಮಲ್" ಎಂದು ಮಡಚಿಡುವುದು ಇಲ್ಲೇ. ಆದರೆ ಒಟ್ಟನ್ನು ಶೇಕಡದಿಂದ ಗುಣಿಸಿ 100ರಿಂದ ಭಾಗಿಸಿ ನೋಡಿ. ಹೋದ ವರ್ಷ 2,496 ಇದ್ದ ಲಿಂಫೋಸೈಟ್ ಈ ವರ್ಷ 924. ದೊಡ್ಡವರಲ್ಲಿ 1,000ಕ್ಕಿಂತ ಕೆಳಗೆ ಹೋದರೆ ಕಡಿಮೆ ಎಂದೇ ಲೆಕ್ಕ. ಒಂದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ! ವರದಿಯಲ್ಲಿ "ಅಬ್ಸಲ್ಯೂಟ್ ಲಿಂಫೋಸೈಟ್ ಕೌಂಟ್" ಎಂಬ ಸಾಲಿದ್ದರೆ ಈ ಗುಣಾಕಾರವೂ ಬೇಡ.

ಅಮೆರಿಕದ ಬೆಂಜೀನ್ ನಿಯಮದಲ್ಲಿರುವ ಗೆರೆಗಳು ಇಲ್ಲೂ ಉಪಯುಕ್ತ. ಬಿಳಿ ಕಣ 4,000ಕ್ಕಿಂತ ಕೆಳಗೆ, ಅಥವಾ ಪ್ಲೇಟ್‌ಲೆಟ್ ಹಿಂದಿನ ವರದಿಗಿಂತ ಶೇ 20ಕ್ಕೂ ಹೆಚ್ಚು ಇಳಿಕೆ, ಅಥವಾ ಹಿಮೋಗ್ಲೋಬಿನ್ ನಿಲ್ಲದೆ ಜಾರುತ್ತಿರುವುದು. ಇವುಗಳಲ್ಲಿ ಯಾವುದು ಕಂಡರೂ ಎರಡು ವಾರದೊಳಗೆ ಮರುಪರೀಕ್ಷೆ. ಆಗಲೂ ಹಾಗೇ ಇದ್ದರೆ ರಕ್ತರೋಗ ತಜ್ಞರ ಬಳಿ ಹೋಗಬೇಕು. ಪ್ಲೇಟ್‌ಲೆಟ್ ಮಾತ್ರ ತಟ್ಟನೆ ಕುಸಿದಿದ್ದರೆ ಒಮ್ಮೆ ಲ್ಯಾಬ್‌ನವರನ್ನೇ ಕೇಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ಮಗುಚದಿದ್ದರೆ ಪ್ಲೇಟ್‌ಲೆಟ್‌ಗಳು ಗಂಟುಕಟ್ಟಿ ಯಂತ್ರ ತಪ್ಪು ಎಣಿಸುತ್ತದೆ. ಕೆಲವರ ರಕ್ತ ಇಡಿಟಿಎಯಲ್ಲೇ ಗಂಟುಕಟ್ಟುತ್ತದೆ. ಅವರಿಗೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್ ಬೇಕು.

ಮೂತ್ರ ಪರೀಕ್ಷೆ ಯಾವಾಗ?

ಈಚೆಗೆ ಎಷ್ಟು ಬೆಂಜೀನ್ ಒಳಗೆ ಹೋಗಿದೆ ಎಂದು ತಿಳಿಯಲು ಮೂತ್ರದಲ್ಲಿ ಮ್ಯುಕೋನಿಕ್ ಆಮ್ಲ ಅಥವಾ ಫಿನೈಲ್‌ಮರ್ಕ್ಯಾಪ್ಟ್ಯೂರಿಕ್ ಆಮ್ಲ ನೋಡುತ್ತಾರೆ. ಗಂಟೆಗಳ ಲೆಕ್ಕದಲ್ಲಿ ಇವು ದೇಹದಿಂದ ಹೋಗಿಬಿಡುತ್ತವೆ, ಆದ್ದರಿಂದ ಪಾಳಿ ಮುಗಿದ ಕೂಡಲೇ ಮಾದರಿ ಕೊಡಬೇಕು. ರಜೆ ಮುಗಿಸಿ ಬಂದ ಸೋಮವಾರ ಬೆಳಿಗ್ಗೆ ಕೊಟ್ಟರೆ ಏನೂ ಸಿಗದು. ಮ್ಯುಕೋನಿಕ್ ಆಮ್ಲದ ಪರೀಕ್ಷೆಯಾದರೆ ಹಿಂದಿನ ದಿನದಿಂದ ಸಂರಕ್ಷಕ 200, 202 ಎಂದು ಬರೆದ ಜಾಮ್, ಸಾಸ್, ಕೇಕ್ ತಿನ್ನಬೇಡಿ. ಅವುಗಳಲ್ಲಿರುವ ಸಾರ್ಬಿಕ್ ಆಮ್ಲ ದೇಹದಲ್ಲಿ ಅದೇ ಆಮ್ಲವಾಗಿ ಬದಲಾಗುತ್ತದೆ. ಎರಡನೆಯ ಪರೀಕ್ಷೆಗೆ ಈ ತೊಂದರೆಯಿಲ್ಲ, ಸಾಧ್ಯವಾದರೆ ಅದನ್ನೇ ಮಾಡಿಸಿ.

ಇಳಿದಿರುವುದು ಖಚಿತವಾದರೆ

ಬೆಲ್ಲ, ಹಾಲು, ಟಾನಿಕ್ ಇದಕ್ಕೆ ಮದ್ದಲ್ಲ. ಬೆಂಜೀನಿಗೆ ಪ್ರತಿವಿಷವೂ ಇಲ್ಲ. ಬೆಂಜೀನಿನಿಂದ ದೂರವಾಗುವುದೇ ಮೊದಲ ಚಿಕಿತ್ಸೆ. ಬೇಗ ಹಿಡಿದವರಲ್ಲಿ ಅನೇಕರ ಕಣಗಳು ನಿಧಾನವಾಗಿ ಮೇಲೇರುತ್ತವೆ. ಬಿಡದ ಜ್ವರ, ಬಾಯಿ ಹುಣ್ಣು, ಒಸಡಿನ ರಕ್ತ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ ಕಂಡರೆ ವರ್ಷದ ಪರೀಕ್ಷೆಗೆ ಕಾಯದೆ ಅಂದೇ ವೈದ್ಯರನ್ನು ನೋಡಬೇಕು.

ಇಎಸ್‌ಐ ಆಸ್ಪತ್ರೆಯಲ್ಲಿ "ಸುಸ್ತು" ಎಂದಷ್ಟೇ ಹೇಳಿದರೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿಯಾರು. ಯಾವ ಕೆಲಸ, ಎಷ್ಟು ವರ್ಷ, ಯಾವ ಥಿನ್ನರ್ ಎಂದು ಚೀಟಿಯಲ್ಲಿ ಬರೆದು, ಹಳೆಯ ಸಿಬಿಸಿಗಳನ್ನೂ ಎಸ್‌ಡಿಎಸ್ ಶೀಟನ್ನೂ ಜೊತೆಗೆ ಕೊಡಿ. 1948ರ ಕಾರ್ಖಾನೆಗಳ ಕಾಯ್ದೆಯೇ ಬೆಂಜೀನ್ ವಿಷವನ್ನು ಅಧಿಸೂಚಿತ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಕಾರ್ಖಾನೆ ಕಾರ್ಮಿಕರಲ್ಲಿ ಅದನ್ನು ಗುರುತಿಸಿದ ವೈದ್ಯರು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ವರದಿ ಕಳಿಸಬೇಕೆಂಬುದೂ ಆ ಕಾಯ್ದೆಯಲ್ಲಿತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಕರ್ನಾಟಕದಲ್ಲಿ ಈ ಕೆಲಸ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯದು. ವೈದ್ಯರ ಚೀಟಿಯಲ್ಲಿ "ಬೆಂಜೀನ್" ಎಂಬ ಪದ ಬರೆಸಿಕೊಂಡೇ ಹೊರಡಿ. ಮುಂದೆ ಪರಿಹಾರ ಕೇಳುವಾಗ ಮೊದಲು ಹುಡುಕುವುದು ಆ ಪದವನ್ನೇ.