ಅಜ್ಜಿ ನೆಗೆಯುವುದಿಲ್ಲ: ನನ್ನ ಅನುಭವ

ಎರಡು ಸಲ ಕೈ ಸುಟ್ಟುಕೊಂಡ ಮೇಲೆ ಮೂರನೆಯ ಸಲ ಗೆದ್ದೆ. ನಾವು ಮಾಡಿದ ಮೊದಲ ವಿಡಿಯೋ ಆಟದಲ್ಲಿ ಪುಟ್ಟ ಎಂಬ ಹುಡುಗ ಕಾಫಿ ತೋಟದ ಬೇಲಿ, ಕಣ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಎಲ್ಲವನ್ನೂ ಹಾರಿಕೊಂಡು ಹಣ್ಣು ಕೂಡಿಸುತ್ತಾನೆ. ಅದರಿಂದ ಕವಲೊಡೆದ ಆಟದಲ್ಲಿ, ಅಂದರೆ ಸ್ಪಿನ್-ಆಫ್‌ನಲ್ಲಿ, ಅವನ ಅಜ್ಜಿಯೇ ನಾಯಕಿ, ನೆಗೆಯಲು ಒತ್ತುವ ಗುಂಡಿಯೇ ಇರುವುದಿಲ್ಲ ಎಂದಾಗ ಚಿಕ್ಕಮಗಳೂರಿನ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ನೆಗೆಯದಿದ್ದರೆ ಅದು ಪ್ಲಾಟ್‌ಫಾರ್ಮರ್ ಹೇಗಾಗುತ್ತದೆ?" ಎಂದರು; ಅಡ್ಡಿಗಳನ್ನು ನೆಗೆದು ದಾಟುವ ಆಟಕ್ಕೇ ಆ ಹೆಸರು.

ಅದಕ್ಕೂ ಮುಂಚೆ, ಸ್ಪಿನ್-ಆಫ್‌ನ ಮೊದಲ ಪ್ರಯತ್ನದಲ್ಲಿ ಎಲ್ಲವನ್ನೂ ಬದಲಿಸಿದ್ದೆ: ಹಗ್ಗದ ಕೊಕ್ಕೆ, ಕವಣೆ, ಅಂಗಡಿ, ಹೊಸ ಕ್ಯಾಮೆರಾ. ಒಂದು ವರ್ಷ ಹೋಯಿತು, ಸುಮಾರು ಒಂದೂವರೆ ಲಕ್ಷ ಹೋಯಿತು. ಪುಟ್ಟನನ್ನು ಇಷ್ಟಪಟ್ಟವರಿಗೆ ಅದು ಯಾರದೋ ಆಟದಂತೆ ಕಂಡಿತು. ಹೆದರಿ ಎರಡನೆಯ ಸಲ ಏನನ್ನೂ ಬದಲಿಸಲಿಲ್ಲ. ಅರವತ್ತು ಸಾವಿರ ಕಳೆದ ಮೇಲೆ ಒಬ್ಬ ಹುಡುಗಿ ಆಡಿ ನೋಡಿ, "ಹಳೆಯ ಆಟಕ್ಕೆ ಸೀರೆ ಉಡಿಸಿದ್ದೀರಿ" ಎಂದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಮಾರಿಯೋ ಆಟಗಳ ಹಳೆಯ ಸ್ಪಿನ್-ಆಫ್‌ಗಳನ್ನು ಮತ್ತೆ ಆಡಿದೆ. 1998ರ ವಾರಿಯೋ ಲ್ಯಾಂಡ್ 2ರಲ್ಲಿ ನಾಯಕನಿಗೆ ಸಾವೇ ಇಲ್ಲ. 2014ರ ಕ್ಯಾಪ್ಟನ್ ಟೋಡ್‌ನಲ್ಲಿ ಬೆನ್ನ ಮೇಲಿನ ಚೀಲದ ಭಾರಕ್ಕೆ ಟೋಡ್ ನೆಗೆಯಲಾರ. ಎರಡರಲ್ಲೂ ಮೂಲ ಆಟದ ಬುಡದ ಒಂದೇ ಒಂದು ನಿಯಮವನ್ನು ಕಿತ್ತು, ಅದರ ಸುತ್ತ ಆಟವನ್ನು ಕಟ್ಟಿದ್ದಾರೆ. ನನ್ನ ಉತ್ತರವೂ ಕಣ್ಣೆದುರಿಗೇ ಇತ್ತು. ಕೊಯ್ಲಿನ ಸಂಜೆ ತೂಕಕ್ಕೆ ಮೂಟೆ ಹೊತ್ತು ಬರುವ ಹೆಂಗಸರು ನೆಗೆಯುವುದನ್ನು ಯಾರಾದರೂ ಕಂಡಿದ್ದೀರಾ?

ನೆಗೆತವನ್ನು ತೆಗೆದಾಗ ಅಂಚಿನ ರಿಯಾಯಿತಿಯನ್ನೂ ಅಳಿಸಿಹಾಕಿದ್ದೆ. ಪುಟ್ಟನಿಗೆ ಅಂಚು ದಾಟಿದ ಮೇಲೂ ಆರು ಫ್ರೇಮ್, ಅಂದರೆ ತೆರೆಯ ಮೇಲೆ ಆರು ಚಿತ್ರ ಬದಲಾಗುವಷ್ಟು ಹೊತ್ತು, ನೆಗೆಯಲು ಅವಕಾಶವಿತ್ತು. ನೆಗೆಯದ ಅಜ್ಜಿಗೆ ಅದೇಕೆ ಎಂದುಕೊಂಡೆ. ಆಟ ಹೆಣದಂತಾಯಿತು. ಕಾರಣ ಹುಡುಕಲು ಎರಡು ತಿಂಗಳು ಬೇಕಾಯಿತು. ಈಗ ಅಜ್ಜಿ ಅಂಚಿನಲ್ಲಿ ಎಂಟು ಫ್ರೇಮ್ ತೂರಾಡುತ್ತಾಳೆ. ಅಷ್ಟರಲ್ಲಿ ಹಿಂದಕ್ಕೆಳೆದರೆ ಉಳಿಯುತ್ತಾಳೆ. ಅಷ್ಟಕ್ಕೇ ಪುಟ್ಟನ ಆಟದ ಹಿಡಿತ ಕೈಗೆ ಮರಳಿತು. ಮೇಲೇರಬೇಕಾದರೆ ಹಲಗೆಯ ಒಂದು ತುದಿಗೆ ಹೊತ್ತ ಹಣ್ಣಿನ ಮೂಟೆ ಇಳಿಸಿ, ತಕ್ಕಡಿಯಂತೆ ಇನ್ನೊಂದು ತುದಿಯಲ್ಲಿ ತಾನು ಏರಬೇಕು. ಎಷ್ಟು ಹಣ್ಣಿಗೆ ಹಲಗೆ ಎಷ್ಟು ವಾಲಬೇಕೆಂಬ ಲೆಕ್ಕವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಡುವೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹಿಡಿದು ಹತ್ತಿಸಲು ಮೂರು ವಾರ ಹೆಣಗಿದೆ. ಬಳ್ಳಿ ಬಿಟ್ಟೆ, ಅದರ ತೂಗಾಟದ ಕೋಡ್ ಹಲಗೆಯ ಹಗ್ಗಕ್ಕೆ ಒದಗಿತು. ಜುಲೈ ಮಳೆಯಲ್ಲಿ ಮನೆಯ ತಗಡಿನ ಮೇಲೆ ಹಿಡಿದ ಸದ್ದು ಹಾಗೆಯೇ ಆಟದಲ್ಲಿದೆ. ಅದಕ್ಕೆ ಒಂದು ಪೈಸೆಯೂ ಆಗಲಿಲ್ಲ.

ಮೂರನೆಯದಕ್ಕೆ ಖರ್ಚಾದದ್ದು ಎಂಬತ್ತು ಸಾವಿರದೊಳಗೆ. ಪುಟ್ಟನ ಆಟದ ಮಾರಾಟ ಸಾವಿರ ಪ್ರತಿಗಳ ಆಸುಪಾಸಿನಲ್ಲಿ ನಿಂತಿತ್ತು. ಅಜ್ಜಿಯದು ಏಳೆಂಟು ತಿಂಗಳಲ್ಲಿ ಮೂರು ಸಾವಿರ ದಾಟಿ, ಹಿಂದಿನ ಎರಡರ ಸಾಲವನ್ನೂ ತೀರಿಸಿತು. ಅಂದು ಒಪ್ಪದ ಗೆಳೆಯರೇ ಈಗ ಹಲಗೆಯ ಲೆಕ್ಕ ಕೇಳುತ್ತಿದ್ದಾರೆ.

ಹೋದ ವಾರ ಪುಟ್ಟನ ನಾಯಿಯ ಆಟ ಶುರುಮಾಡಿದೆ. ಅದು ಚೆನ್ನಾಗಿ ನೆಗೆಯುತ್ತದೆ; ನಿಲ್ಲಲು ಮಾತ್ರ ಬರುವುದಿಲ್ಲ.