ರಾಡ್ ಬಿಸಿಯಾಗಲಿ, ಆಮೇಲೆ ಕನ್ನಡಿಗೆ ಜಾಗ ಹುಡುಕೋಣ

ಮಂಗಳೂರಿನ ಬೈಕಂಪಾಡಿಯಲ್ಲಿರುವ ನನ್ನ ಲೇಸರ್ ಕಾರ್ಯಾಗಾರಕ್ಕೆ ಕಲಿಯಲು ಬರುವ ಹುಡುಗರು ಲೆಕ್ಕದ ಹಾಳೆ ಹಿಡಿದೇ ಬರುತ್ತಾರೆ. ಎರಡು ಕನ್ನಡಿಗಳ ವಕ್ರತೆ, ನಡುವಿನ ಅಂತರ, ಇವುಗಳಿಂದ ಒಂದೊಂದು ಕನ್ನಡಿಗೂ ಸಿಗುವ ‘ಜಿ’ ಅಂಕಿಗಳ ಗುಣಲಬ್ಧ ಜಿ1×ಜಿ2 ಸೊನ್ನೆಗೂ ಒಂದಕ್ಕೂ ನಡುವೆ ಬಂದಿದೆ. ಆದ್ದರಿಂದ ರೆಸೊನೇಟರ್, ಅಂದರೆ ಬೆಳಕು ಹಿಂದೆ ಮುಂದೆ ಪುಟಿಯುವ ಈ ಕನ್ನಡಿಗಳ ಜೋಡಿ, ಸ್ಥಿರ: ಕಿರಣ ಹೊರಗೆ ಚದುರದು. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಕನ್ನಡಿಗಳ ನಡುವೆ ಕೂತು ಲೇಸರ್ ಬೆಳಕು ಹೊಮ್ಮಿಸುವ ಹರಳಿನ ರಾಡ್ ತಣ್ಣಗಿರುವಾಗಿನ ಲೆಕ್ಕ. ನಿಯೋಡೈಮಿಯಂ-ಯಾಗ್ ರಾಡ್ 808 ನ್ಯಾನೊಮೀಟರ್ ಬೆಳಕನ್ನು ನುಂಗಿ 1064ರಲ್ಲಿ ಹೊರಬಿಡುವಾಗಲೇ ಶೇ 24ರಷ್ಟು ಶಕ್ತಿ ಶಾಖವಾಗಿ ಒಳಗೆ ಉಳಿಯುತ್ತದೆ. ನಡುಭಾಗ ಬಿಸಿ, ನೀರು ತಾಗುವ ಅಂಚು ತಂಪು. ರಾಡೇ ಒಂದು ಮಸೂರವಾಗುತ್ತದೆ. ಆ ಮಸೂರವನ್ನು ಅಳೆಯದೆ ಕನ್ನಡಿಗೆ ಜಾಗ ಗೊತ್ತುಮಾಡಲು ನಾನು ಬಿಡುವುದಿಲ್ಲ.

ಅಳೆಯುವುದು ಕಷ್ಟವಲ್ಲ. ಎರಡೂ ಕಡೆ ಚಪ್ಪಟೆ ಕನ್ನಡಿ ಇಟ್ಟು ರಾಡನ್ನು ಸರಿಯಾಗಿ ಮಧ್ಯಕ್ಕೆ ತನ್ನಿ. ಪಂಪನ್ನು, ಅಂದರೆ ಡಯೋಡುಗಳಿಂದ ರಾಡಿಗೆ ಉಣಿಸುವ 808ರ ಬೆಳಕನ್ನು, ನಿಧಾನವಾಗಿ ಏರಿಸುತ್ತಾ ಹೋದಂತೆ ಹೊರಬರುವ ಶಕ್ತಿಯೂ ಏರುತ್ತದೆ, ಒಂದು ಹಂತದಲ್ಲಿ ಕುಸಿಯತೊಡಗುತ್ತದೆ. ಅಲ್ಲಿ ರಾಡಿನ ನಾಭಿದೂರ ಕನ್ನಡಿಯಿಂದ ಕನ್ನಡಿಗಿರುವ ಒಟ್ಟು ಉದ್ದದ ಕಾಲು ಭಾಗ. ಕುಸಿತ ಕಂಡ ಕೂಡಲೇ ಪಂಪ್ ಇಳಿಸಿ. ಆ ಅಂಚಿನಲ್ಲಿ ಕಿರಣ ಕನ್ನಡಿಯ ಮೇಲೆ ಸೂಜಿಮೊನೆಯಂತೆ ಕಿರಿದಾಗಿ ಲೇಪ ಸುಡುತ್ತದೆ. 1064 ಕಣ್ಣಿಗೆ ಕಾಣದು. ಅದಕ್ಕೂ 808ಕ್ಕೂ ಗುರುತು ಹಾಕಿದ ರಕ್ಷಣಾ ಕನ್ನಡಕವಿಲ್ಲದೆ ಯಾರೂ ಕೋಣೆಯೊಳಗೆ ಇರಬಾರದು. ಬೇರೊಂದು ಹೀಲಿಯಂ-ನಿಯಾನ್ ಲೇಸರಿನ ಕಿರಣವನ್ನು ರಾಡಿನೊಳಗೆ ಹಾಯಿಸಿಯೂ ಅಳೆಯಬಹುದು, ಆದರೆ ರಾಡಿನಿಂದಲೇ ಲೇಸರ್ ಹೊಮ್ಮದಿರುವಾಗ ಅದರ ಶಾಖವೇ ಬೇರೆ. ನನಗೆ ಮೊದಲಿನ ವಿಧಾನವೇ ಇಷ್ಟ.

ನನ್ನ 3 ಮಿ.ಮೀ. ರಾಡನ್ನು 1.2 ಮೀಟರ್ ಉದ್ದದಲ್ಲಿ ಪರೀಕ್ಷಿಸಿದಾಗ ಶಕ್ತಿ ಕುಸಿದದ್ದು 270 ವಾಟ್ ಪಂಪಿನಲ್ಲಿ. ನಾಭಿದೂರ 30 ಸೆಂ.ಮೀ., ಅಂದರೆ ಮಸೂರದ ಬಲ 3.33 ಡಯಾಪ್ಟರ್ (ಒಂದನ್ನು ಮೀಟರ್ ಲೆಕ್ಕದ ನಾಭಿದೂರದಿಂದ ಭಾಗಿಸಿದ್ದು). ಮಸೂರದ ಬಲ ಹೆಚ್ಚುಕಡಿಮೆ ಪಂಪಿನ ಪ್ರಮಾಣದಲ್ಲೇ ಏರುತ್ತದೆ. ಹಾಗಾಗಿ ನಾನು ಕೆಲಸ ಮಾಡುವ 180 ವಾಟಿನಲ್ಲಿ 2.22 ಡಯಾಪ್ಟರ್, ನಾಭಿದೂರ 45 ಸೆಂ.ಮೀ.

ಪ್ರತಿ ತೋಳೂ, ಅಂದರೆ ರಾಡಿನಿಂದ ಒಂದೊಂದು ಕನ್ನಡಿಗಿರುವ ದೂರ, ನಾಭಿದೂರದಷ್ಟೇ ಇದ್ದರೆ ನಾವು ಸ್ಥಿರ ವಲಯದ, ಅಂದರೆ ರೆಸೊನೇಟರ್ ಸ್ಥಿರವಾಗಿರುವ ಪಂಪ್ ವ್ಯಾಪ್ತಿಯ, ನಟ್ಟನಡುವೆ ಇರುತ್ತೇವೆ. ಅಲ್ಲಿ ರಾಡಿನೊಳಗಿನ ಕಿರಣದ ಗಾತ್ರ ಕನಿಷ್ಠ. ಮಸೂರ ತುಸು ಅತ್ತಿತ್ತ ಆದರೂ ಅದು ಅಲುಗದು. ತರಂಗಾಂತರವನ್ನು ಒಟ್ಟು ಉದ್ದದಿಂದ ಗುಣಿಸಿ ಪೈನಿಂದ ಭಾಗಿಸಿದರೆ ಕಿರಣದ ತ್ರಿಜ್ಯದ ವರ್ಗ ಸಿಗುತ್ತದೆ: 90 ಸೆಂ.ಮೀ. ಉದ್ದಕ್ಕೆ ತ್ರಿಜ್ಯ 0.55 ಮಿ.ಮೀ.

ಆದರೆ ಈ ನಟ್ಟನಡುವಿನಲ್ಲೇ ಒಂದು ಹೊಂಡವಿದೆ. ಮೊದಲ ಸಲ ನಾನು ತೋಳುಗಳನ್ನು ರಾಡಿನ ತುದಿಯಿಂದ ಅಳೆಯದೆ ಹೊರಕವಚದಿಂದ ಅಳೆದಿದ್ದೆ. ಕವಚದ ಎರಡು ಮುಚ್ಚಳಗಳ ದಪ್ಪ ಒಂದೇ ಆಗಿರಲಿಲ್ಲ. ಒಂದು ತೋಳು 45, ಇನ್ನೊಂದು 46 ಸೆಂ.ಮೀ. 176 ವಾಟ್ ದಾಟುತ್ತಿದ್ದಂತೆ ಶಕ್ತಿಮಾಪಕದ ಮುಳ್ಳು ಇಳಿಯುತ್ತಿತ್ತು, 180 ದಾಟಿದರೆ ಮತ್ತೆ ಏರುತ್ತಿತ್ತು. ಎರಡು ದಿನ ವಿದ್ಯುತ್ ಪೂರೈಕೆಯನ್ನೇ ಬಿಚ್ಚಿ ನೋಡಿದೆ. ತೋಳುಗಳು ಅಸಮವಾದರೆ ಸ್ಥಿರ ವಲಯ ಎರಡಾಗಿ ಸೀಳುತ್ತದೆ, ಸೀಳಿನಲ್ಲಿ ಸ್ಥಿರತೆಯಿಲ್ಲ. ಈಗ ರಾಡಿನ ತುದಿಯಿಂದಲೇ ಅಳೆದು, ಆ ಅಂತರಕ್ಕೆ ರಾಡಿನ ಉದ್ದವನ್ನು ಅದರ ವಕ್ರೀಭವನಾಂಕದ (1.82) ಇಮ್ಮಡಿಯಿಂದ ಭಾಗಿಸಿ ಸೇರಿಸುತ್ತೇನೆ. 65 ಮಿ.ಮೀ. ರಾಡಿಗೆ ಇದು 18 ಮಿ.ಮೀ. ಜೊತೆಗೆ ಒಟ್ಟು ಉದ್ದವನ್ನು 80 ಸೆಂ.ಮೀ.ಗೆ ಇಳಿಸಿದ್ದೇನೆ. ಹೊಂಡ 200 ವಾಟಿನ ಆಚೆಗೆ ಸರಿಯುತ್ತದೆ, ಕಿರಣದ ತ್ರಿಜ್ಯ ಮಾತ್ರ 0.52 ಮಿ.ಮೀ. ಕಳೆದುಕೊಂಡದ್ದು ಏನೂ ಇಲ್ಲವೆನ್ನಬೇಕು.

ಒಂದೇ ಮೋಡಿನ, ಅಂದರೆ ಒಂದೇ ದುಂಡು ಬೆಳಕಿನ ಚುಕ್ಕೆಯಾಗಿ ಬೀಳುವ, ಶುದ್ಧ ಕಿರಣ ಬೇಕಾದವರು ಹೆಚ್ಚು ತೆರಬೇಕು. ರಾಡಿನ ಪಕ್ಕ ಮೈನಸ್ 75 ಸೆಂ.ಮೀ. ನಾಭಿದೂರದ, ಬೆಳಕನ್ನು ಹರಡುವ ಮಸೂರವಿಟ್ಟು ಉದ್ದವನ್ನು 2.25 ಮೀಟರಿಗೆ ಏರಿಸಿದರೆ ಕಿರಣದ ತ್ರಿಜ್ಯ 0.87 ಮಿ.ಮೀ. ಆದರೆ ಆಗ 108 ವಾಟಿನ ಕೆಳಗೂ 252 ವಾಟಿನ ಮೇಲೂ ರೆಸೊನೇಟರ್ ಅಸ್ಥಿರ. ಕಿರಣ ಹಿಗ್ಗಿದಷ್ಟೂ ವಲಯ ಕುಗ್ಗುತ್ತದೆ. ಯಾವ ಜಾಣತನವೂ ಇದನ್ನು ತಪ್ಪಿಸದು.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಜನವರಿಯಲ್ಲಿ ಚಿಲ್ಲರ್ (ರಾಡನ್ನೂ ಪಂಪ್ ಡಯೋಡನ್ನೂ ತಂಪಿಡುವ ಯಂತ್ರ) ನೀರನ್ನು 22 ಡಿಗ್ರಿಯಲ್ಲಿಟ್ಟು ಅಳೆದ ಅಂಕಿ ಮಳೆಗಾಲಕ್ಕೆ ಸಲ್ಲದು. ಕೋಣೆ 28 ಡಿಗ್ರಿ, ತೇವಾಂಶ ಶೇ 90 ಇದ್ದರೆ ಸುಮಾರು 26 ಡಿಗ್ರಿಗೇ ಗಾಳಿ ನೀರು ಬಿಡುತ್ತದೆ. 22ರ ನೀರು ಹರಿಸಿದರೆ ರಾಡಿನ ತುದಿಯಲ್ಲಿ ಮಂಜಿನಂಥ ಪೊರೆ ಕೂರುತ್ತದೆ, ಪಂಪ್ ಹಾಕಿದೊಡನೆ ಲೇಪಕ್ಕೆ ಪೆಟ್ಟು. ನೀರನ್ನು 28ಕ್ಕೆ ಏರಿಸಲೇಬೇಕು. ಏರಿಸಿದರೆ ಪಂಪ್ ಡಯೋಡಿನ ತರಂಗಾಂತರ ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರಿನಂತೆ ಸರಿಯುತ್ತದೆ, ರಾಡ್ ನುಂಗುವ ಬೆಳಕು ಬದಲಾಗುತ್ತದೆ, ಮಸೂರವೂ ಬದಲಾಗುತ್ತದೆ. ಅದಕ್ಕೇ ಜೂನ್ ಮೊದಲ ವಾರ ಚಿಲ್ಲರ್ ಏರಿಸಿ, ಅರ್ಧ ಗಂಟೆ ಕಾದು, ಪಂಪ್ ಪರೀಕ್ಷೆಯನ್ನು ಹೊಸದಾಗಿ ಮಾಡುತ್ತೇನೆ. ಸಿಕ್ಕಿದ ಅಂಕಿಯನ್ನು ತಾರೀಖು, ನೀರಿನ ಉಷ್ಣತೆಗಳ ಜೊತೆಗೆ ಯಂತ್ರದ ಮುಚ್ಚಳದ ಒಳಬದಿಗೆ ಅಂಟಿಸಿಡುತ್ತೇನೆ.